ಕ್ಯಾಪ್ಟನ್ ಲೆಕ್ಕದ ಎಂಟು ಗಂಟೆ

ಟಿಕೆಟ್ ಅಂಗಡಿಯವನನ್ನು ಬೀದಿಯವರೆಲ್ಲ ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ವಿಮಾನ ಹತ್ತಿದವನಲ್ಲ. ಆದರೆ ಮೇಜಿನ ಮೇಲೊಂದು ಪ್ಲಾಸ್ಟಿಕ್ ವಿಮಾನವಿತ್ತು. ಗಿರಾಕಿ ಊರಿನ ಹೆಸರು ಹೇಳುವಷ್ಟರಲ್ಲಿ ಅದರ ಮೂಗು ಆ ದಿಕ್ಕಿಗೆ ತಿರುಗಿರುತ್ತಿತ್ತು. ಬೋರ್ಡಿನಲ್ಲಿ 'ದೇಶ-ವಿದೇಶ' ಎಂದಿದ್ದರೂ ಮಾರಿದ್ದೆಲ್ಲ ದೇಶದೊಳಗಿನ ಟಿಕೆಟ್ಟೇ. ಸಮುದ್ರ ದಾಟುವ ಮೊದಲ ಟಿಕೆಟ್ ತೆಗೆಸಿದವಳು ಅವನ ಸ್ವಂತ ಅಕ್ಕ. ಮಗಳ ಬಾಣಂತನಕ್ಕೆ ಹೊರಟಿದ್ದಳು.

"ಎಷ್ಟು ಹೊತ್ತು ಕೂರಬೇಕೋ? ನನ್ನ ಸೊಂಟದ ಕತೆ ನಿಂಗೊತ್ತಲ್ಲ."

ಟಿಕೆಟ್ಟಿನಲ್ಲಿ ಹೊರಡುವುದು ನಸುಕಿನ ಮೂರಕ್ಕೆ, ಇಳಿಯುವುದು ಬೆಳಿಗ್ಗೆ ಹನ್ನೊಂದಕ್ಕೆ ಎಂದಿತ್ತು. ಕ್ಯಾಪ್ಟನ್ ಬೆರಳು ಕೂಡ ಮಡಚಲಿಲ್ಲ. "ದೂರ ಹದಿನಾಲ್ಕು ಸಾವಿರ ಕಿಲೋಮೀಟರು. ಟೈಮು ಎಂಟೇ ಗಂಟೆ. ಒಂದು ನಿದ್ದೆ ತೆಗಿ, ಮಗಳ ಮನೆ ಬಂತು."

ತಮ್ಮ ಹೇಳಿದ ಮೇಲೆ ಮುಗಿಯಿತು. ನೋವಿನ ಮಾತ್ರೆ ಒಂದನ್ನೇ ಕೈಚೀಲಕ್ಕೆ ಹಾಕಿಕೊಂಡು, ಉಳಿದವನ್ನೆಲ್ಲ ಅಕ್ಕ ದೊಡ್ಡ ಪೆಟ್ಟಿಗೆಯ ತಳಕ್ಕೆ ಸೇರಿಸಿದಳು.

ಅವಳು ಹೊರಟ ದಿನ ಮಧ್ಯಾಹ್ನ ಭಾವ ಅಂಗಡಿಗೆ ಬಂದರು. "ಏನಪ್ಪಾ ಕ್ಯಾಪ್ಟನ್, ಹನ್ನೆರಡಾಯ್ತು, ಫೋನೇ ಇಲ್ಲ. ನಾನೇ ಮಗಳಿಗೆ ಮಾಡಿದ್ರೆ, 'ಅಪ್ಪಾ, ಇಲ್ಲಿನ್ನೂ ಬೆಳಗಿನ ಜಾವ ಎರಡೂವರೆ ಗಂಟೆ' ಅಂತ ಬೈದಳು."

ಕ್ಯಾಪ್ಟನ್ ಟಿಕೆಟ್ಟಿನ ನಕಲು ತೆಗೆದು ನೋಡಿದ. ಟಿಕೆಟ್ಟಿನ ಹನ್ನೊಂದು ಅಲ್ಲಿಯ ಹನ್ನೊಂದು! ಅಲ್ಲಿಯ ಗಡಿಯಾರ ಒಂಬತ್ತೂವರೆ ಗಂಟೆ ಹಿಂದೆ. ಎಂಟಲ್ಲ, ಹದಿನೇಳೂವರೆ.

"ರಾತ್ರಿ ಎಂಟೂವರೆಗೆ ಇಳೀತಾಳೆ ಭಾವ," ಎಂದ, ಪ್ಲಾಸ್ಟಿಕ್ ವಿಮಾನದ ಧೂಳು ಒರೆಸುತ್ತ.

"ಲೇಟಾ?"

"ಹ್ಞೂಂ... ಹಾಗೇ ಏನೋ."

ತಪ್ಪಿನ ಮೇಲೊಂದು ಸುಳ್ಳು. ಆ ದಿನವೆಲ್ಲ ಕುರ್ಚಿಯಲ್ಲಿ ಕೂತರೆ ಅಕ್ಕನ ಸೊಂಟ ತನ್ನದೇ ಆದಂತೆ ನೋಯುತ್ತಿತ್ತು. ಗಿರಾಕಿಗಳ ಜೊತೆ ನಿಂತೇ ಮಾತಾಡಿದ.

ರಾತ್ರಿ ಅಕ್ಕನ ಮನೆಯಲ್ಲಿ ಫೋನು ಬಂದಾಗ ಭಾವ ಮಾತಾಡಿ ಅವನ ಕೈಗೆ ಕೊಟ್ಟರು.

"ಬಂದೆ ಕಣೋ. ಸೊಂಟ ಮಾತ್ರ ವಿಮಾನದಲ್ಲೇ ಉಳೀತು. ಹತ್ತಿ ಎಂಟು ಗಂಟೆ ಆಗ್ತಿದ್ದ ಹಾಗೆ ಹೊದಿಕೆ ಮಡಚಿ, ಚಪ್ಪಲಿ ಮೆಟ್ಕೊಂಡು, ಚೀಲ ತೊಡೆ ಮೇಲಿಟ್ಟು ಕೂತೆ. ಇಳಿಸೋದೇ ಇಲ್ಲ! ಕೆಳಗೆ ನೋಡಿದ್ರೆ ಬರೀ ನೀರು. ಊಟ ಕೊಡೋ ಹುಡುಗಿ ಇನ್ನೂ ಒಂಬತ್ತೂವರೆ ಗಂಟೆ ಇದೆ ಅಂತಾಳೆ. ಬಿಟ್ಟೆನಾ? 'ನಮ್ಮ ತಮ್ಮಂದು ಇದೇ ಕಸುಬು, ಅವನಿಗಿಂತ ನಿಂಗೆ ಗೊತ್ತಾ' ಅಂದೆ. ಇಳಿಯುವಾಗ ಬಾಗಿಲಲ್ಲಿ ಡ್ರೈವರು ಹಲ್ಲು ಕಿರಿತಾ ನಿಂತಿದ್ದ. 'ಆಟೋದವರ ಥರ ಸುತ್ತಿಸ್ತೀಯಾ' ಅಂತ ಅವನಿಗೂ ಸರಿಯಾಗಿ ಕೊಟ್ಟೆ!"

ತನ್ನನ್ನೇ ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕ್ಯಾಪ್ಟನ್ ಭಾವನ ಕಡೆ ಬೆನ್ನು ತಿರುಗಿಸಿದ. ಮತ್ತೆ, ಅವರಿಗೂ ಕೇಳಲಿ ಎಂದು ಇತ್ತ ತಿರುಗಿದ.

"ಅಕ್ಕಾ, ಅವನು ಸುತ್ತಿಸಲಿಲ್ಲ. ಅದು ಹದಿನೇಳೂವರೆ ಗಂಟೆ ದಾರೀನೇ. ಗಡಿಯಾರದ ವ್ಯತ್ಯಾಸ ನಂಗೇ ಹೊಳೀಲಿಲ್ಲ. ತಪ್ಪು ನಂದು."

ಸಮುದ್ರದಾಚೆಯಿಂದ ಕೂಸಿನ ಅಳು ಕೇಳಿತು.

"ಅಯ್ಯೋ ಮುಂಡೇದೇ," ಎಂದಳು ಅಕ್ಕ. "ವಾಪಸ್ ಬರುವಾಗ ಆ ಡ್ರೈವರೇ ಇದ್ರೆ ಯಾವ ಮುಖ ಇಟ್ಕೊಂಡು ಹತ್ತಲೋ ನಾನು?"