ಬಳಚು ಆರಿಸುವ ಕಿವಿ

ಮಗಳಿಗೆ ನಾಲ್ಕು ತುಂಬಿದ ವರ್ಷ ನಾವು ಹೊನ್ನಾವರದಲ್ಲಿ, ಹೊಳೆಯ ದಂಡೆಗೆ ಹತ್ತಿರದ ಒಂದು ಬಾಡಿಗೆ ಮನೆಯಲ್ಲಿದ್ದೆವು. ಎಪ್ಪತ್ತರ ದಶಕ ಮುಗಿಯುತ್ತಿತ್ತು. ಗಂಡ ಬ್ಯಾಂಕಿನ ಕೆಲಸಕ್ಕೆಂದು ಬೆಳಿಗ್ಗೆ ಕುಮಟಾದ ಬಸ್ಸು ಹಿಡಿದರೆ ಬರುವುದು ಸಂಜೆಗೆ. ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದ ನನಗೆ ಉಳಿದದ್ದು ಎರಡು ಹೊತ್ತಿನ ಅಡಿಗೆ ಮತ್ತು ಈ ಮಗು. ಬಾಲವಾಡಿ ಬೇಡ, ಒಂದನೇ ಇಯತ್ತೆಗೆ ಸೇರಿಸುವವರೆಗೆ ಮನೆಯಲ್ಲೇ ಆಡಿಸುತ್ತ ಕಲಿಸುತ್ತೇನೆ ಎಂದು ನಾನೇ ಹೇಳಿದ್ದೆ. ಹೇಳಿದಂದಿನಿಂದ ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ.

ಅಕ್ಕಿ ಆರಿಸುವಾಗ ಕಲ್ಲು ಎಷ್ಟು ಸಿಕ್ಕಿತು ಎಂದು ಕೇಳುತ್ತಿದ್ದೆ. ಬಟ್ಟೆ ಒಣಹಾಕುವಾಗ ಬಣ್ಣ ಯಾವುದು, ದೋಸೆ ಹೊಯ್ಯುವಾಗ ದೊಡ್ಡದು ಯಾವುದು. ಅಂಗಳದ ಮರಳಿನಲ್ಲಿ ಬೆರಳು ಹಿಡಿದು ಅ, ಆ ತಿದ್ದಿಸುತ್ತಿದ್ದೆ. ಸಂಜೆ ಎಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಮೊದಮೊದಲು ಅವಳು ಖುಷಿಯಿಂದ ಉತ್ತರಿಸಿದಳು. ಮಳೆಗಾಲ ಕಳೆಯುವಷ್ಟರಲ್ಲಿ ನಿಲ್ಲಿಸಿಬಿಟ್ಟಳು. ಗೊಂಬೆಯೊಡನೆ ಮಾತಾಡುತ್ತಿದ್ದವಳು ನಾನು ಪಕ್ಕದಲ್ಲಿ ಕೂತ ಕೂಡಲೇ ಗೊಂಬೆಯನ್ನು ಅಲ್ಲೇ ಬಿಟ್ಟು ಎದ್ದು ಹೋಗುತ್ತಿದ್ದಳು. ಅವಳಿಗೆ ತಿಳಿಯುತ್ತಿಲ್ಲವೋ, ನಾನೇ ಅವಳ ಆಟವನ್ನು ಕೆಡಿಸಿದ್ದೆನೋ? ಗಂಡನೆದುರು ಈ ಮಾತು ಎತ್ತಲಿಲ್ಲ. ನೋಟುಬುಕ್ಕಿನಲ್ಲೂ ಬರೆಯಲಿಲ್ಲ.

ಎದ್ದು ಹೋಗುತ್ತಿದ್ದದ್ದು ಪಕ್ಕದ ಮನೆಗೆ. ಅಲ್ಲಿದ್ದ ಮುದುಕಿಯ ಗಂಡುಮಕ್ಕಳು ದೋಣಿಯ ಮೇಲೆ ಹೋಗುವವರು. ಸಮುದ್ರದ ಇಳಿತಕ್ಕೆ ನೀರು ಇಳಿದಾಗ ಆಕೆ ಹೊಳೆಗೆ ಇಳಿದು, ಕೆಸರಿನಲ್ಲಿ ಕೈಯಾಡಿಸಿ ಬಳಚು ಹೆಕ್ಕಿ ತರುತ್ತಿದ್ದಳು. ಎರಡು ಚಿಪ್ಪು ಬಿಗಿದುಕೊಂಡಿರುವ, ಸಾರಿಗೆ ಹಾಕುವ ಸಣ್ಣ ಜೀವ ಅದು. ನಾನು ಯಾವ ಶಾಲೆಯಲ್ಲೂ ಕಲಿಸದಿದ್ದರೂ ಆಕೆ ನನ್ನನ್ನು ಟೀಚರುಗಳನ್ನು ಕರೆಯುವಂತೆ ‘ಅಕ್ಕೋರೆ’ ಎಂದೇ ಕರೆಯುತ್ತಿದ್ದಳು.

“ಅಕ್ಕೋರೆ, ಇವತ್ತಿನ ಶಾಲೆ ಬಿಟ್ಟಾತಾ? ಹುಡ್ಗಿಗೆ ಉಂಬೂಕಾದ್ರೂ ಬಿಡ್ತ್ರಾ, ಅದಕ್ಕೂ ಪರೀಕ್ಷೆಯಾ?”

ನಾನು ನಕ್ಕು ಮಗಳನ್ನು ಕರೆದುಕೊಂಡು ಬರುತ್ತಿದ್ದೆ.

ಒಂದು ದಿನ ಮಗಳನ್ನು ಕರೆಯಲು ಹೋದಾಗ ಅವಳು ಅವರ ಅಂಗಳದಲ್ಲಿ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಎರಡೆರಡು ಬಳಚು ತೆಗೆದು ಒಂದಕ್ಕೊಂದು ತಾಗಿಸಿ ಕಿವಿಗೊಡುತ್ತಿದ್ದಳು. ಮುಂದೆ ಒಂದು ದೊಡ್ಡ ರಾಶಿ, ಪಕ್ಕದಲ್ಲಿ ಒಂದು ಸಣ್ಣ ರಾಶಿ. ಅಜ್ಜಿ ಒಳಗೆ ತೆಂಗಿನಕಾಯಿ ತುರಿಯುತ್ತಿದ್ದಳು. ಅಷ್ಟೊಂದು ತನ್ಮಯಳಾದ ಮಗಳನ್ನು ನೋಡಿ ನನಗೆ ಎಣಿಕೆಯೇ ನೆನಪಾಯಿತು.

“ಇದನ್ನ ಹತ್ತು ಹತ್ತು ಮಾಡುವನಾ?” ಎಂದು ಕೂತೇಬಿಟ್ಟೆ. ದೊಡ್ಡ ರಾಶಿಯಿಂದ ನಾಲ್ಕು ಗುಂಪು ಮಾಡಿದೆ. ಕಡೆಯ ಗುಂಪಿಗೆ ಎರಡು ಕಡಿಮೆ ಬಿತ್ತು. ಸಣ್ಣ ರಾಶಿಯಿಂದ ಎರಡು ತೆಗೆದು ಅದಕ್ಕೆ ಸೇರಿಸಿದೆ.

“ಆಯಿ, ಅದು ಬೇಡ,” ಎಂದಳು ಮಗಳು.

“ಹತ್ತು ಆಗೂಕೆ ಬೇಕಲ್ಲ?”

ಅವಳು ಕೈ ಒರೆಸಿಕೊಂಡಳು. ಎದ್ದು ಮನೆಗೆ ಹೋದಳು. ಹಟ ಎಂದುಕೊಂಡೆ. ನಾನು ಅವಳ ಹಿಂದೆ ಹೊರಡುತ್ತಿದ್ದಂತೆ ಅಜ್ಜಿ ಬಂದು ನಾಲ್ಕೂ ಗುಂಪುಗಳನ್ನು ಬಾಚಿ ಪಾತ್ರೆಗೆ ಹಾಕಿಕೊಂಡಳು.

ಮಾರನೆಯ ದಿನ ನಾನು ಅಂಗಳ ಗುಡಿಸುತ್ತಿದ್ದಾಗ ಅಜ್ಜಿ ಬೇಲಿಯಾಚೆಯಿಂದ ಹೇಳಿದಳು. ಸತ್ತ ಬಳಚಿನೊಳಗೆ ಕೆಸರು ತುಂಬಿ ಚಿಪ್ಪು ಮುಚ್ಚಿಕೊಂಡಿರುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ತಾಗಿಸಿದರೆ ಮಂಕು ಶಬ್ದ ಬರುತ್ತದೆ. ಹಿಂದಿನ ದಿನ ಅಂಥದು ಎರಡು ಕುದಿಯುವಾಗ ಬಾಯಿಬಿಟ್ಟು ಸಾರೆಲ್ಲ ಕೆಸರಾಗಿತ್ತು. ದೋಣಿಯಿಂದ ಬಂದ ಮಕ್ಕಳು ಬರೀ ಗಂಜಿ ಉಂಡು ಮಲಗಿದ್ದರು.

“ತಪ್ಪು ನಂದೇ. ಸಣ್ಣ ಹುಡ್ಗಿನ್ನ ನಂಬಿ ನಾನು ಇನ್ನೊಂದ್ಸಲ ನೋಡ್ಲಿಲ್ಲ,” ಎಂದವಳು, ಓಡಿಬಂದ ನನ್ನ ಮಗಳಿಗೆ, “ನಿನ್ನ ಕಿವಿ ಇನ್ನೂ ಸಾಲೂದಿಲ್ಲ ಮಗಾ. ದೊಡ್ಡಾದ ಮೇಲೆ ಆರಿಸೂಕೆ ಬಾ, ಆತಾ?” ಎಂದಳು.

ಮಗಳು ನನ್ನನ್ನು ನೋಡಿದಳು. ನಾನು ಪೊರಕೆ ಮೂಲೆಗಿಟ್ಟು ಒಳಗೆ ಹೋದೆ.

ಆ ದಿನ ಡಬ್ಬಿಗಳನ್ನೆಲ್ಲ ಇಳಿಸಿ ಒರೆಸಿ ಮತ್ತೆ ಜೋಡಿಸಿದೆ. ಮರುದಿನ ಒಗೆದ ಬಟ್ಟೆಯನ್ನೇ ಒಗೆದೆ. ನನ್ನ ಬಗ್ಗೆ ನಾನು ಯಾರೆದುರೂ ಹೇಳಿಕೊಂಡವಳಲ್ಲ. ಹಾಸ್ಟೆಲಿನಲ್ಲೂ ಹಾಗೆಯೇ ಇದ್ದೆ. ಅಜ್ಜಿಗೆ ಹೇಳಬೇಕಾದ ಮಾತು ಎರಡು ವಾಕ್ಯದ್ದು. ಅದನ್ನು ಮನಸ್ಸಿನಲ್ಲೇ ತಿದ್ದಿ ತಿದ್ದಿ ಇಟ್ಟುಕೊಂಡು ಬೇಲಿಯವರೆಗೆ ಹೋಗಿ ತಿರುಗಿ ಬರುತ್ತಿದ್ದೆ. ಪ್ರತಿದಿನ ನೀರು ಇಳಿಯುವ ಹೊತ್ತಿಗೆ ಮಗಳು ಅಜ್ಜಿಯ ಮನೆಗೆ ಹೋಗಿ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಕೈಗಳನ್ನು ಮೊಣಕಾಲುಗಳ ನಡುವೆ ಒತ್ತಿಕೊಂಡು, ಅಜ್ಜಿ ಒಬ್ಬಳೇ ಆರಿಸುವುದನ್ನು ನೋಡುತ್ತಿದ್ದಳು.

ಮೂರನೆಯ ದಿನ ಒಲೆಯ ಮೇಲೆ ಅನ್ನ ಇದ್ದಂತೆಯೇ ಬೇಲಿ ದಾಟಿದೆ.

“ಅಜ್ಜಿ, ಅವತ್ತು ಕೆಸರಿನ ಬಳಚು ಸೇರಿಸಿದ್ದು ನಾನು. ಇವಳು ಸರಿಯಾಗೇ ಆರಿಸಿದ್ದಳು, ಬೇಡ ಅಂತಲೂ ಹೇಳಿದ್ದಳು.”

ಅಜ್ಜಿಯ ಕೈ ನಿಂತಿತು. “ನೀವಾ? ಎಂತಕ್ಕೆ?”

“ಹತ್ತು ತುಂಬಿಸೂಕೆ.”

ಆಕೆ ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. “ಸಾರು ಹೋದ್ರೆ ಹೋತು, ಅಕ್ಕೋರೆ. ಮೂರು ದಿನ ಆತು, ಹುಡ್ಗಿ ಆ ಮೆಟ್ಲ ಮೇಲೆ ಕೂತದೆ. ನೀವು ಮನೆಯೊಳಗೆ ಎಂತ ಮಾಡ್ತಿದ್ರಿ?”

ಅಜ್ಜಿ ಮಗಳ ಕಡೆ ತಿರುಗಿದಳು. “ನೀನಾದ್ರೂ ಹೇಳೂಕಾಗ್ತಿರ್ಲಿಲ್ವಾ?”

“ಹೇಳಿದ್ರೆ ನೀನು ಆಯಿಗೆ ಬೈತಿದ್ದೆ.”

“ಬೈತಿದ್ದೆ ಮತ್ತೆ. ಬಿಡ್ತಿದ್ನಾ?” ಎಂದ ಅಜ್ಜಿ ಬುಟ್ಟಿಯನ್ನು ಅವಳ ಮುಂದಕ್ಕೆ ನೂಕಿದಳು. “ಬಾ, ಹಿಡಿ. ನನ್ನ ಬೆನ್ನು ಹೋತು.”

ಮಗಳು ಇಳಿದು ಬಂದು ಕೂತಳು. ನಾನೂ ಸ್ವಲ್ಪ ದೂರದಲ್ಲಿ ಕೂತೆ. ಈ ಸಲ ಅವಳು ಎದ್ದು ಹೋಗಲಿಲ್ಲ. ಬಹಳ ಹೊತ್ತು ನನ್ನ ಕಡೆ ನೋಡದೆ ತನ್ನ ಕೆಲಸ ಮಾಡಿದಳು. ಆಮೇಲೆ ಒಂದು ಹಿಡಿ ಬಳಚು ನನ್ನ ಮುಂದೆ ಹಾಕಿದಳು. ‘ಎಷ್ಟಿವೆ?’ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಎರಡನ್ನು ತಾಗಿಸಿದೆ, ಮತ್ತೆರಡನ್ನು ತಾಗಿಸಿದೆ. ಎಲ್ಲವೂ ನನಗೆ ಒಂದೇ ಥರ ಕೇಳಿದವು. ಊಹೆಯ ಮೇಲೆ ನಾಲ್ಕನ್ನು ದೊಡ್ಡ ರಾಶಿಗೆ ಹಾಕಿದೆ. ಮಗಳು ಕೈಚಾಚಿ, ಅವುಗಳಲ್ಲಿ ಒಂದನ್ನು ಎತ್ತಿ ಸಣ್ಣ ರಾಶಿಗೆ ಇಟ್ಟಳು.