ಹರಕೆಯ ಗಂಡು ಬಾತುಗಳು

ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಸೊಗಡು ಬೆರಳಿಗೆಲ್ಲ ಮೆತ್ತಿಕೊಂಡಿತ್ತು, ಮೊರದಲ್ಲಿ ಅರ್ಧದಷ್ಟು ಕಾಳು ಬಿದ್ದಿತ್ತು. ಒಂದು ಕಾಯಿ ಬಿಡಿಸಿದರೆ ಒಳಗೆ ಎಳೆ ಹಸಿರು ಹುಳ ಮುದುರಿಕೊಂಡಿತ್ತು. ಅದನ್ನು ಮೊರದ ಅಂಚಿಗೆ ಇಟ್ಟೆ, ಅಷ್ಟರಲ್ಲಿ ಫೋನು ಬಂತು. ದೊಡ್ಡಪ್ಪನ ಮಗ ಶಿವಲಿಂಗಣ್ಣ. "ತಂಗೀ, ಚನ್ನಪಟ್ಟಣದ ಸಣ್ಣತ್ತೆ ಹೋಗ್ಬುಟ್ಲು ಕಣವ್ವ. ಕಾಫಿ ಕುಡ್ದು ಗೋಡೆಗೆ ಒರಗಿ ಕೂತಿದ್ದೋಳು, ಹಂಗೇ." ಶಿವ ಶಿವಾ ಎಂದೆ. ಹಾಸಿಗೆ ಹಿಡಿಯಲಿಲ್ಲ, ಒಬ್ಬರ ಕೈ ಕಾಯಲಿಲ್ಲ, ದೇವರು ಅಷ್ಟು ಕರುಣೆ ತೋರಿಸಿದ ಎಂದುಕೊಂಡೆ. ಅಲ್ಲಿಗೆ ಅವನು ಮಾತು ನಿಲ್ಲಿಸಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ನಿಲ್ಲಿಸಲಿಲ್ಲ. "ಪಾಪ, ಗಂಡ ಸತ್ತು ಬಂದೋಳು. ನಮ್ಮಪ್ಪ ಇದ್ದದ್ಕೆ ಅನ್ನ ಕಂಡ್ಳು." ಬರಬೇಕಿದ್ದ ಅಳು ಸಿಟ್ಟಾಯಿತು. ಆ ಹುಳ ನೋಡುತ್ತಾ ಕೂತೆ. ಸಣ್ಣತ್ತೆ ಇದ್ದಿದ್ದರೆ ಅದನ್ನು ಎಸೆಯಲು ಬಿಡುತ್ತಿರಲಿಲ್ಲ. "ತಡಿ ಮಗ, ಅದು ನನ್ ಬಾತ್ಗೆ" ಎನ್ನುತ್ತಿದ್ದಳು.

ನಮ್ಮ ಊರು ಚನ್ನಪಟ್ಟಣದಿಂದ ಸಾತನೂರಿನ ಕಡೆಗೆ ಹೋಗುವ ದಾರಿಯಲ್ಲಿ, ಕೆರೆಯ ಕೆಳಗೆ. ಹೆಂಚಿನ ದೊಡ್ಡ ಮನೆ. ನಡುಮನೆಯ ತುಂಬ ರೇಷ್ಮೆಹುಳುವಿನ ತಟ್ಟೆಗಳು, ಜಗಲಿಯ ಮೇಲೆ ದೊಡ್ಡಪ್ಪ. ನನ್ನಪ್ಪ ಅವನ ಎದುರು ಬಾಯಿ ತೆರೆದವನಲ್ಲ. ಸಣ್ಣತ್ತೆ ಚೆನ್ನಾಜಮ್ಮ ಇವರಿಬ್ಬರ ತಂಗಿ, ಮದುವೆಯಾದ ಮೂರೇ ವರ್ಷಕ್ಕೆ ತವರಿಗೆ ವಾಪಸಾದವಳು. ಆ ಮನೆಯಲ್ಲಿ ಅವಳದು ಎಂದು ಇದ್ದದ್ದು ಹಿತ್ತಲ ಬಾತುಗಳು ಮಾತ್ರ. ಭತ್ತದ ಕೊಯ್ಲು ಮುಗಿದ ಮೇಲೆ ತಮಿಳುನಾಡಿನವರು ನೂರಾರು ಬಾತುಗಳನ್ನು ಅಟ್ಟಿಕೊಂಡು ಬಂದು ಬಯಲಿನಲ್ಲಿ ಮೇಯಿಸುತ್ತಿದ್ದರು. ನಡೆಯಲಾರದ ನಾಲ್ಕು ಮರಿಗಳನ್ನು ಅವರು ಬಿಟ್ಟು ಹೋಗುವಾಗ ಇವಳು ಮಡಿಲಲ್ಲಿ ಕಟ್ಟಿಕೊಂಡು ಬಂದಳು. ಅವರೇ ಹೇಳಿಕೊಟ್ಟದ್ದಂತೆ: ಆರೇಳು ಹೆಣ್ಣಿಗೆ ಒಂದು ಗಂಡು, ಗಂಡು ಹೆಚ್ಚಾದರೆ ಹೆಣ್ಣಿನ ಕತ್ತು ಉಳಿಯುವುದಿಲ್ಲ. ಆ ಮಾತನ್ನು ಅವಳು ಏಕಾದಶಿಯ ಹಾಗೆ ಪಾಲಿಸಿದಳು. ಮೊಟ್ಟೆಗಳನ್ನು ಕಾವು ಕೂತ ಕೋಳಿಯ ಕೆಳಗಿಟ್ಟು ಮರಿ ಮಾಡಿಸುವಳು. ಮರಿ ಬಲಿತು, ಬಾಲದ ಮೇಲೆ ಒಂದು ಗರಿ ಉಂಗುರದ ಹಾಗೆ ಸುರುಳಿಯಾದರೆ ಅದು ಗಂಡು, ಸಂತೆಗೆ ಹೋಗಬೇಕು. ಗರಿ ಬರುವ ಮೊದಲೇ ಅವಳಿಗೆ ದನಿಯಲ್ಲಿ ಗೊತ್ತಾಗುತ್ತಿತ್ತು. ಬಾತುಗಳಲ್ಲಿ ಗಟ್ಟಿಯಾಗಿ ಕೂಗುವುದು ಹೆಣ್ಣು. ಗಂಡಿನದು ಶೀತ ಹಿಡಿದವರ ಪಿಸುದನಿ. "ನಮ್ ಮನೇಗೆ ತಿರುಗಾಮುರುಗ ನೋಡು" ಎಂದು ಅಮ್ಮನ ಕಿವಿಯಲ್ಲಿ ಹೇಳಿ ಇಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನೂಲು ತೆಗೆದ ಮೇಲೆ ಉಳಿದ ರೇಷ್ಮೆಹುಳ, ರಾಗಿ ತೌಡು, ಅವರೆ ಹುಳ ತಿಂದು ಆ ಬಾತುಗಳು ಇಡುತ್ತಿದ್ದ ಮೊಟ್ಟೆ ಅಂಗೈ ತುಂಬುತ್ತಿತ್ತು. ಮನೆಯ ಮಕ್ಕಳೆಲ್ಲ ಅದನ್ನು ತಿಂದೇ ಬೆಳೆದೆವು. ಕಾಮಾಲೆಯಾಗಿ ಸೊರಗಿದ್ದ ಶಿವಲಿಂಗಣ್ಣ ಎಲ್ಲರಿಗಿಂತ ಹೆಚ್ಚು ತಿಂದ.

ಇದನ್ನು ಕೆಡಿಸಿದ್ದು ಹರಕೆ. ಹರಕೆ ಹೊರುವುದು ತಪ್ಪೆಂದು ನಾನು ಹೇಳುವುದಿಲ್ಲ. ಇವತ್ತಿಗೂ ಮಂಗಳವಾರ, ಶುಕ್ರವಾರ ದೀಪ ಹಚ್ಚದೆ ನಾನು ಬಾಯಿಗೆ ನೀರು ಬಿಟ್ಟುಕೊಳ್ಳುವುದಿಲ್ಲ. ಆದರೆ ಹರಕೆ ಹೊತ್ತುಕೊಂಡವನೊಬ್ಬ, ಅದರ ಭಾರ ಹೊತ್ತವಳು ಇನ್ನೊಬ್ಬಳು ಆದರೆ ಅದು ಯಾವ ಭಕ್ತಿ? ಶಿವಲಿಂಗಣ್ಣ ಎಸ್ಸೆಸ್ಸೆಲ್ಸಿ ಪಾಸಾಗಲಿ ಎಂದು ದೊಡ್ಡಪ್ಪ ಊರ ಮಾರಮ್ಮನಿಗೆ ಒಂದು ಗಂಡು ಬಾತು ಮುಡಿಪಿಟ್ಟ. ಬೋರ್‌ವೆಲ್ಲಿನಲ್ಲಿ ನೀರು ಬರಲೆಂದು ಇನ್ನೊಂದು, ಮಂಡಿನೋವಿಗೆ ಒಂದು, ಟ್ರ್ಯಾಕ್ಟರ್ ಕೊಳ್ಳುವಂತಾಗಲಿ ಎಂದು ಮತ್ತೊಂದು. ಕಾಲಿಗೆ ಅರಿಶಿನದ ದಾರ ಕಟ್ಟಿದರೆ ಮುಗಿಯಿತು, ಹಬ್ಬದವರೆಗೆ ಅದನ್ನು ಮಾರುವಂತಿಲ್ಲ, ಕೊಡುವಂತಿಲ್ಲ. ಹಬ್ಬವೋ, ಮೊದಲ ಆರತಿ ಯಾವ ಬೀದಿಯವರದು ಎಂಬ ಜಗಳದಲ್ಲಿ ನಿಂತುಹೋಗಿತ್ತು. ಹೀಗೆ ಏಳು ಹೆಣ್ಣಿಗೆ ಒಂದಿದ್ದ ಗಂಡು ಐದಾಯಿತು.

ಆಮೇಲೆ ಹಿತ್ತಲಿಗೆ ಹೋಗಲು ನನಗೆ ಭಯವಾಗುತ್ತಿತ್ತು. ಒಂದು ಹೆಣ್ಣಿನ ಮೇಲೆ ಮೂರು ಗಂಡು ಬೀಳುವುದು, ಕತ್ತಿನ ಪುಕ್ಕ ಕಚ್ಚಿ ಎಳೆಯುವುದು. ಹೆಣ್ಣುಗಳೆಲ್ಲದರ ಹಿಂಗತ್ತು ಬೋಳಾಗಿ, ಕೆಂಪಾಗಿ, ನೊಣ ಕೂರುತ್ತಿತ್ತು. ಒಂದು ಕುಂಟತೊಡಗಿತು. ಸಂಜೆಗೆ ಸಣ್ಣತ್ತೆ ಒಂದೊಂದನ್ನೇ ತೊಡೆಯ ಮೇಲೆ ಕೂರಿಸಿಕೊಂಡು ಹರಳೆಣ್ಣೆ, ಅರಿಶಿನ ಹಚ್ಚುವಳು. ಮೊಟ್ಟೆ ನಿಂತೇಹೋಯಿತು. ಒಂದು ಬೆಳಿಗ್ಗೆ ಕಲ್ಲುಬಾನಿಯ ನೀರಿನಲ್ಲಿ, ಎಲ್ಲಕ್ಕಿಂತ ಹಳೆಯ ಹೆಣ್ಣನ್ನು ಗಂಡುಗಳು ಮುಳುಗಿಸಿ ಮುಳುಗಿಸಿ ಕೊಂದಿದ್ದವು. ಒದ್ದೆ ಬಾತನ್ನು ಎರಡೂ ಕೈಯಲ್ಲಿ ಹಿಡಿದು ಸಣ್ಣತ್ತೆ ಜಗಲಿಗೆ ಬಂದಳು. "ಅಣ್ಣಯ್ಯ, ಆ ನಾಕ್ನೂ ಬೇರೆ ಕಡೀಕೆ ಸಾಗ್ಸು, ಕಾಲಿಗ್ ಬೀಳ್ತೀನಿ." ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದವನು ತಲೆ ಎತ್ತಲಿಲ್ಲ. "ದೇವ್ರ ಮುಡಿಪು ಮುಟ್ಟಿದ್ರೆ ಕಣ್ ಹೋಯ್ತದೆ. ಗಂಡು ಅಂದ್ಮೇಲೆ ಒಸಿ ಹಂಗೇಯ."

ಮಂಗಳವಾರ ಅವಳು ತಲೆಗೆ ಮಿಂದು ಒದ್ದೆ ಸೀರೆಯಲ್ಲೇ ಮಾರಮ್ಮನ ಗುಡಿಗೆ ಹೋಗಿ ಹೂ ಕೇಳಿದಳು. ನಾನು ಜೊತೆಗಿದ್ದೆ. ನಮ್ಮಲ್ಲಿ ತಾಯಿಯ ಬಲಗಡೆಯ ಹೂ ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. "ನಿನ್ ಗಂಡ್ಗಳ ನೀನೇ ಕರ್ಸ್ಕೊತೀಯಾ ತಾಯಿ?" ಎಂದಳು. ಪೂಜಾರಿ ಮಂಗಳಾರತಿ ಎತ್ತುವ ಮೊದಲೇ ಬಲಗಡೆಯ ಸೇವಂತಿಗೆ ಜಾರಿ ಪಾದದ ಮೇಲೆ ಬಿತ್ತು. ನನ್ನ ಈ ಕಣ್ಣಿನಿಂದ ನೋಡಿದ್ದೇನೆ. ಅವಳು ಆ ಹೂವನ್ನು ಸೆರಗಿನಲ್ಲಿ ಹಿಡಿದು ಓಡಿ ಬಂದು ತೋರಿಸಿದರೆ ದೊಡ್ಡಪ್ಪ ನಕ್ಕ. "ಹೆಂಗಸು ಕೇಳಿದ್ ಹೂವು ಯಾವ ಲೆಕ್ಕಕ್ಕೆ? ಹೋಗ್, ಸೊಪ್ಪು ಕುಯ್ಯೋಗು." ಮಾರಮ್ಮ ಹೆಂಗಸಲ್ಲವೇ? ಅವಳು ಕೊಟ್ಟ ಮಾತಿಗೂ ಈ ಮನುಷ್ಯನ ರುಜು ಬೇಕಾಗಿತ್ತೇ?

ಸಣ್ಣತ್ತೆ ನಾಲ್ಕು ಹರಕೆ ಬಾತುಗಳನ್ನು ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗಿ ಗುಡಿಯ ಅಂಗಳದಲ್ಲಿ ಬಿಟ್ಟಳು. "ನಿಂದು ನಿಂಗೆ. ಹಬ್ಬದ ಗಂಟ ನೀನೇ ಸಾಕವ್ವ." ಪೂಜಾರಿಯ ಹೆಂಡತಿ ಕೊಡ ಕೆಳಗಿಟ್ಟು ನಕ್ಕದ್ದು ಊರೆಲ್ಲ ಸುತ್ತಿ ಜಗಲಿಗೂ ಬಂತು. ದೊಡ್ಡಪ್ಪ ತಾನೇ ಹೋಗಿ ಬುಟ್ಟಿ ಹೊತ್ತು ತಂದ. ಮಾರನೆಯ ದಿನ, ಸಣ್ಣತ್ತೆ ಹಿಪ್ಪುನೇರಳೆ ತೋಟದಲ್ಲಿದ್ದಾಗ, ಹೆದ್ದಾರಿಯ ಹೋಟೆಲಿನವನೊಬ್ಬನನ್ನು ಕರೆಸಿದ. "ತಕರಾರೆಲ್ಲ ಹೆಣ್ಣಿಂದ ತಾನೆ? ಹೆಣ್ಣೇ ಹಿಡ್ಕೊಂಡ್ ಹೋಗ್ಲಾ" ಎಂದ. ನನಗೆ ಆಗ ಹತ್ತು ವರ್ಷ. ಕೈಗೆ ಸಿಕ್ಕಿದ ಕುಂಟು ಬಾತಿನ ಮೇಲೆ ಮಂಕರಿ ಬುಟ್ಟಿ ಮಗುಚಿ ಅದರ ಮೇಲೆ ಕೂತುಬಿಟ್ಟೆ. ಹರಕೆಯ ಗಂಡುಗಳನ್ನು ಬೆಳಿಗ್ಗೆ ಸಂಜೆ ಎಣಿಸುತ್ತಿದ್ದ ದೊಡ್ಡಪ್ಪನಿಗೆ ಹೆಣ್ಣು ಎಷ್ಟಿದ್ದವು ಎಂದೇ ತಿಳಿದಿರಲಿಲ್ಲ. ಐದು ಹಿಡಿದುಕೊಟ್ಟು ಆಯಿತು ಎಂದ. ಊರಿಗೇ ಕೇಳುವಂತೆ ಕೂಗುತ್ತಿದ್ದ ಆ ಬಾತು ಅಷ್ಟು ಹೊತ್ತೂ ಸೊಲ್ಲೆತ್ತಲಿಲ್ಲ. ಮಾರಮ್ಮನೇ ಅದರ ಬಾಯಿ ಹಿಡಿದಿದ್ದಳು ಎಂದು ಇಂದಿಗೂ ನಂಬಿದ್ದೇನೆ.

ಸೊಪ್ಪಿನ ಹೊರೆ ಇಳಿಸಿ ಸಣ್ಣತ್ತೆ ಹಿತ್ತಲಿನ ಬಾಗಿಲಲ್ಲಿ ನಿಂತಳು. "ಗಂಡ್ ಎಷ್ಟವೆ ಮಗ?" "ಐದು." "ಹೆಣ್ಣು?" ನಾನು ಎದ್ದು ಮಂಕರಿ ಎತ್ತಿದೆ. ಅವಳು ಬಾತನ್ನು ಎತ್ತಿಕೊಂಡಳು. "ಐದ್ ಗಂಡಿನ ಮದ್ಯೆ ಇದೊಂದು ಬದುಕಾಕಿಲ್ಲ. ಇದು ಇಲ್ಲಿರ್ಬಾರ್ದು. ನಾನೂ ಇರಾಕಿಲ್ಲ." ಎರಡು ಸೀರೆ ಒಂದು ಕೈಚೀಲದಲ್ಲಿ, ಬಾತು ಇನ್ನೊಂದರಲ್ಲಿ, ಮಧ್ಯಾಹ್ನದ ಬಸ್ಸಿಗೆ ಚನ್ನಪಟ್ಟಣಕ್ಕೆ ಹೋಗಿ ರೇಷ್ಮೆ ನೂಲು ತೆಗೆಯುವಲ್ಲಿ ಕೆಲಸಕ್ಕೆ ಸೇರಿದಳು. ಬಿಸಿನೀರಿನಲ್ಲಿ ಕೈ ಅದ್ದಿ ಅದ್ದಿ ಅವಳ ಬೆರಳ ತುದಿಗಳು ಕಡೆಯವರೆಗೂ ಬೆಳ್ಳಗೆ ಸುಕ್ಕಾಗಿಯೇ ಇದ್ದವು. ನೋಡಿಕೊಳ್ಳುವವರಿಲ್ಲದ ಹರಕೆ ಬಾತುಗಳು ಹಬ್ಬದೊಳಗೆ ನಾಯಿಗಳ ಪಾಲಾದವು. ಈಗ ದೊಡ್ಡಪ್ಪನೂ ಇಲ್ಲ, ಆ ಮನೆಯೂ ಇಲ್ಲ. ಹಿತ್ತಲಿದ್ದಲ್ಲಿ ಸಿಮೆಂಟು ಹಾಸಿ ಲಾರಿ ನಿಲ್ಲಿಸುತ್ತಾರೆ. ಕಲ್ಲುಬಾನಿ ಎಲ್ಲಿ ಹೋಯಿತೆಂದು ಕೇಳಿದರೆ ಯಾರಿಗೂ ತಿಳಿಯದು.

"ತಂಗೀ, ಇದ್ದೀಯಾ?" ಎಂದ ಶಿವಲಿಂಗಣ್ಣ ಫೋನಿನಲ್ಲಿ.

"ಇದ್ದೀನಿ. ಅಣ್ಣಾ, ಒಂದ್ ಮಾತ್ ಕೇಳ್ತೀನಿ. ಚನ್ನಪಟ್ಟಣದಲ್ಲಿ ಪಿಯುಸಿ ಓದುವಾಗ ಎರಡು ವರ್ಷ ಮಧ್ಯಾಹ್ನ ಎಲ್ಲಿ ಉಂಡೆ?"

ಸಣ್ಣತ್ತೆಯ ಒಂದು ಕೋಣೆಯ ಮನೆಯಲ್ಲಿ, ಅವಳ ತಟ್ಟೆಯಲ್ಲೇ ಉಂಡಿದ್ದ. ಅವಳು ಆಮೇಲೆ ಉಳಿದದ್ದನ್ನು ಉಣ್ಣುತ್ತಿದ್ದಳು. ಕುಂಟು ಬಾತು ಇಟ್ಟ ಮೊಟ್ಟೆ ಅವನ ತಟ್ಟೆಗೇ ಬೀಳುತ್ತಿತ್ತು.

"ಅತ್ತೆ ಮನೇಲಿ ಕಣವ್ವ" ಎಂದ. ಅದು ಶೀತ ಹಿಡಿದವರ ಪಿಸುದನಿಯಂತಿತ್ತು.

"ಹಂಗಾದ್ರೆ ಅಲ್ಲಿ ಬಂದೋರ್ಗೆಲ್ಲ ಅದ್ನೇ ಹೇಳು. ಬತ್ತೀನಿ."

ಮನೆಯವರ ಜೊತೆ ಹೊರಡಬೇಕಿತ್ತು, ಅವರು ಬಿಡದಿಯ ಕಾರ್ಖಾನೆಯಿಂದ ಬರಲು ಇನ್ನೂ ಒಂದು ಗಂಟೆ ಇತ್ತು. ಮೊರದ ಅಂಚಿನ ಹುಳವನ್ನು ಒಂದು ಸಿಪ್ಪೆಯ ಮೇಲೆ ಹತ್ತಿಸಿಕೊಂಡು ಹಿಂಬಾಗಿಲ ಮೆಟ್ಟಿಲ ಮೇಲೆ ಇಟ್ಟು ಬಂದೆ. ಬೆಳಿಗ್ಗೆ ನೆನೆಹಾಕಿದ್ದ ಕಾಳು ಪಾತ್ರೆಯಲ್ಲಿ ಊದಿಕೊಂಡಿತ್ತು, ಬಿಟ್ಟರೆ ಹುಳಿ ಬರುತ್ತಿತ್ತು. ಕೈ ತೊಳೆದುಕೊಂಡು ಕೂತು ಒಂದೊಂದನ್ನೇ ಸಿಪ್ಪೆಯಿಂದ ಹಿದುಕತೊಡಗಿದೆ.