ಪೂರ್ವಕ್ಕೆ ಮುಖ ಮಾಡಿದ ಕಚೇರಿ

ಎದುರಿಗೆ ಬಂದವರನ್ನು ನೋಡಲೆಂದೇ ಭಗವಂತ ನಮಗೆ ಮುಖ ಕೊಟ್ಟಿದ್ದಾನೆ ಎಂದು ವೈಜಯಂತಿಬಾಯಿ ನಂಬಿದ್ದರು. ಕಾರವಾರದ ಪತ್ತಿನ ಸಂಘದಲ್ಲಿ ಅವರು ಗುಮಾಸ್ತೆ. ಸೇರಿದಂದಿನಿಂದ ಕೂತದ್ದು ಕೌಂಟರಿನ ಹಿಂದೆ, ಬಾಗಿಲಿಗೆ ಮುಖಮಾಡಿ.

೨೦೦೬ರಲ್ಲಿ ಮ್ಯಾನೇಜರ್ ಗಜಾನನ ಹೆಗಡೆಯವರು ಅಧ್ಯಯನ ಪ್ರವಾಸವೆಂದು ಜಪಾನಿಗೆ ಹೋಗಿಬಂದರು. ತಂದದ್ದು ಒಂದು ಬೀಸಣಿಗೆ ಮತ್ತು ಒಂದು ಉಪದೇಶ.

"ಅಮೆರಿಕದವರು ಒಬ್ಬೊಬ್ಬರಿಗೆ ಒಂದೊಂದು ಗೂಡು ಕಟ್ತಾರಂತೆ. ಜರ್ಮನಿಯವರು ಬಾಗಿಲು ಮುಚ್ಕೊಂಡು ಕೂರ್ತಾರಂತೆ. ಜಪಾನಿನಲ್ಲಿ ನಾನೇ ಕಂಡೆ! ಮೇಜೆಲ್ಲ ಕೂಡಿಸಿ ಎದುರುಬದುರು ಕೂರ್ತಾರೆ, ಸಾಹೇಬನೂ ಅದೇ ಮೇಜಿನ ತುದಿಗೆ. ನಾವೂ ಹಾಗೇ ಮಾಡಾಣ."

ಮೇಜುಗಳು ಕೂಡಿದವು, ಮನಸ್ಸುಗಳು ಕೂಡಲಿಲ್ಲ. ಎದುರುಬದುರು ಕೂತರೆ ಅರ್ಧ ಜನ ಪಶ್ಚಿಮಕ್ಕೆ ಮುಖಮಾಡಬೇಕು. ವಾಸ್ತು ಕೆಡುತ್ತದೆಂದು ಒಬ್ಬನೂ ಒಪ್ಪಲಿಲ್ಲ. ಹೆಗಡೆಯವರೂ ನೈರುತ್ಯದ ತಮ್ಮ ಕೋಣೆಯನ್ನಾಗಲಿ, ಟವೆಲು ಹೊದಿಸಿದ ಕುರ್ಚಿಯನ್ನಾಗಲಿ ಬಿಡಲಿಲ್ಲ. ಕಡೆಗೆ ಎಲ್ಲರೂ ಒಂದೇ ಬದಿಗೆ, ಪೂರ್ವಾಭಿಮುಖವಾಗಿ, ಊಟದ ಪಂಕ್ತಿಯಂತೆ ಸಾಲಾಗಿ ಕೂತರು. ಬಾಗಿಲೂ ಕೌಂಟರೂ ಇದ್ದದ್ದು ಪಶ್ಚಿಮದ ಸಮುದ್ರದ ಕಡೆ. ಬಂದವರಿಗೆ ಬರೀ ಬೆನ್ನು!

"ಬಡಿಸೂಕೆ ಯಾವಾಗ ಬತ್ರು, ಬಾಯಿ?" ಎಂದು ಪಕ್ಕದ ತುಳಸಿದಾಸ ಪಿಸುಗುಟ್ಟಿದ. ನಗಿಸಿದನೇ ಹೊರತು ಕುರ್ಚಿ ತಿರುಗಿಸಲಿಲ್ಲ.

ಅಷ್ಟರಲ್ಲಿ ಸೊಪ್ಪು ಮಾರುವ ತಿಮ್ಮು ಬಂದಳು. ಅವಳಿಗೆ ಕಿವಿ ಕೇಳದು. ವೈಜಯಂತಿಬಾಯಿಯ ತುಟಿ ನೋಡಿಯೇ ಮಾತು ತಿಳಿಯುವವಳು.

"ಅಮಾ, ಯಾರೂ ಇಲ್ವೇ? ಬರೇ ಬೆನ್ನೇ ಕಾಣ್ತದ್ಯಲೆ!"

ವೈಜಯಂತಿಬಾಯಿ ಕುರ್ಚಿ ತಿರುಗಿಸಿದರು. ಹೆಗಡೆಯವರು ಕೋಣೆಯಿಂದ ಧಾವಿಸಿದರು.

"ಬಾಯಿ, ಶಿಸ್ತು ಮುರೀಬೇಡಿ. ಎಲ್ಲರ ಹಾಗೆ ಕೂರಿ. ಆಗದಿದ್ರೆ ಅಂಕೋಲೆ ಶಾಖೆಯಲ್ಲಿ ಜಾಗ ಖಾಲಿ ಉಂಟು."

ವೈಜಯಂತಿಬಾಯಿಯ ಮನೆ ಊರ ಪಕ್ಕದ ಹಣಕೋಣದಲ್ಲಿ, ಹಾಸಿಗೆ ಹಿಡಿದ ಅತ್ತೆ ಮಧ್ಯಾಹ್ನದ ಗಂಜಿಗೆ ಇವರ ದಾರಿ ಕಾಯುವವರು. ಅಂಕೋಲೆಯೆಂದರೆ ಎರಡು ಬಸ್ಸು. ಗಂಜಿಗೆ ನೆರೆಯವರ ಕಾಲು ಹಿಡಿಯಬೇಕು. ಆದರೂ ಕುರ್ಚಿ ಮತ್ತೆ ಪೂರ್ವಕ್ಕೆ ತಿರುಗಲಿಲ್ಲ.

"ಸಾಹೇಬ್ರೇ, ಬೆನ್ನಿಗೆ ತುಟಿ ಇಲ್ಲ. ಅಂಕೋಲೆಗೇ ಕಳಿಸಿ."

ವರ್ಗದ ಆದೇಶ ಐದೇ ನಿಮಿಷದಲ್ಲಿ ಸಿದ್ಧವಾಯಿತು. ಜಪಾನಿನ ಚುರುಕನ್ನು ಹೆಗಡೆಯವರು ಕಲಿತದ್ದು ಅದೊಂದರಲ್ಲಿ.

ಕೌಂಟರಿನಲ್ಲೇ ನಿಂತಿದ್ದ ತಿಮ್ಮುವಿಗೆ ವೈಜಯಂತಿಬಾಯಿ ನಿಧಾನವಾಗಿ ತುಟಿಯಾಡಿಸಿ ಸುದ್ದಿ ತಿಳಿಸಿದರು. ತಿಮ್ಮು ಬುಟ್ಟಿ ಎತ್ತಿಕೊಂಡಳು.

"ನನ್ ತಂಗಿ ಮನೆ ಅಂಕೋಲೆಲೇ ಅದೆ. ನನ್ ಖಾತೆನೂ ಅಲ್ಲಿಗೇ ತಕಹೋಗಿ, ಅಮಾ. ಇವ್ರ ಮುಖ ಹ್ಯಾಂಗದ್ಯೋ, ನಂಗೆ ಗುರ್ತೇ ಇಲ್ಲ."

ಸಾಲಿನಲ್ಲಿ ಒಬ್ಬನೂ ತಿರುಗಲಿಲ್ಲ. ಪುಣ್ಯದ ಪೂರ್ವದಿಕ್ಕಿನಲ್ಲಿ ಅವರಿಗೆ ಕಾಣುತ್ತಿದ್ದದ್ದು ಸುಣ್ಣ ಬಳಿದ ಗೋಡೆ.